ಮೈಕ್ ಹಾಕದ ಭಾವ

ನಮ್ಮ ಭಾವನಿಗೆ ನಾಲಿಗೆ ಇದೆ ಎನ್ನುವುದಕ್ಕೆ ನನ್ನ ಬಳಿ ಇರುವುದು ಒಂದೇ ಪುರಾವೆ. ಕಾಫಿ ತುಂಬ ಬಿಸಿಯಿದ್ದರೆ ಅದು ಸುಡುತ್ತದೆ. ಆಗ ಕೂಡ ಅವರು ‘ಅಬ್ಬಾ’ ಎನ್ನುವುದಿಲ್ಲ. ಲೋಟವನ್ನು ಕೆಳಗಿಟ್ಟು ಅದರ ಕಡೆ ಸ್ವಲ್ಪ ಬೇಸರದಿಂದ ನೋಡುತ್ತಾರೆ, ಅಷ್ಟೆ. ನಾಚಿಕೆಯಾದರೆ ಲೋಟಕ್ಕೇ ಆಗಬೇಕು!

ಭಾವ ಎಂದರೆ ನನ್ನ ಅಕ್ಕನ ಗಂಡ. ಮಾಟುಂಗದ ಒಂದು ಹಳೆಯ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ ಅಕ್ಕ ಮಾತಾಡುತ್ತಾಳೆ, ಭಾವ ಇರುತ್ತಾರೆ. ಇನ್ನು ನನ್ನ ವಿಷಯ. ನಾನು ವಿಲೆ ಪಾರ್ಲೆಯ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ದಿನವಿಡೀ ‘ಸದ್ದು ಮಾಡಬೇಡಿ’ ಎಂಬ ಬೋರ್ಡಿನ ಕೆಳಗೆ ಬಾಯಿ ಹೊಲಿದುಕೊಂಡು ಕೂತಿರುತ್ತೇನೆ. ಸಂಜೆ ಲೋಕಲ್ ಹತ್ತಿದ ಕೂಡಲೇ ಕೂಡಿಟ್ಟಿದ್ದನ್ನೆಲ್ಲ ಬಿಚ್ಚುತ್ತೇನೆ. ಲೇಡೀಸ್ ಡಬ್ಬಿಯಲ್ಲಿ ನನ್ನನ್ನು ಕಂಡು, ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಪಕ್ಕದ ಡಬ್ಬಿಗೆ ಓಡಿದವರಿದ್ದಾರೆ. ಇಂಥ ನನಗೆ ಇಂಥ ಭಾವ! ದೇವರು ಮಾತು ಹಂಚುವಾಗ ಎಲ್ಲೋ ತೂಕಡಿಸಿರಬೇಕು.

ಅವರು ಅಕ್ಕನನ್ನು ನೋಡಲು ಬಂದ ದಿನವೇ ನಮಗೆ ಸಂಶಯ ಬಂದಿತ್ತು. ಹುಡುಗ ಬೊಂಬಾಯಿಯಲ್ಲಿ ಹೋಟೆಲ್ ಕೆಲಸದವನು, ಒಳ್ಳೆಯವನು ಎಂದಿದ್ದರು. ಒಳ್ಳೆಯವನೇ. ಆದರೆ ಬಂದವನು ಕೂತ, ಅವಲಕ್ಕಿ ತಿಂದ, ನಕ್ಕ. ಯಾವ ಪ್ರಶ್ನೆಗೂ ತಲೆಯಾಡಿಸುವುದೇ ಉತ್ತರ. ಅಪ್ಪ ಸಂಬಂಧ ತಂದವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, “ಹುಡುಗನಿಗೆ ಮಾತು ಬರ್ತದಾ ಮಾರಾಯ್ರೆ?” ಎಂದು ಕೇಳಿದರು. ಅವರು, “ಬರ್ತದೆ, ಬರ್ತದೆ. ಬೊಂಬಾಯಿಯಲ್ಲಿ ಕೇಳಿದವರು ಇದ್ದಾರೆ” ಎಂದರು. ಅಪ್ಪನಿಗೆ ಸಮಾಧಾನವಾಗಲಿಲ್ಲ. ಪರೀಕ್ಷೆಗೆ ನನ್ನನ್ನು ಕಳಿಸಿದರು. ನಾನಾಗ ಲಂಗ ಹಾಕುವ ಹುಡುಗಿ. ಹೆಸರು ಕೇಳಿದೆ, ನಕ್ಕರು. ಬೊಂಬಾಯಿ ಹೇಗುಂಟು ಎಂದೆ, ಇನ್ನೂ ಸ್ವಲ್ಪ ಜಾಸ್ತಿ ನಕ್ಕರು. ಸಿಟ್ಟು ಬಂದು ಬೇಕೆಂದೇ ಅವರ ಕಾಲು ತುಳಿದೆ. “ಪರವಾಗಿಲ್ಲ” ಎಂದರು! ನಾನು ಹಿತ್ತಲಿಗೆ ಓಡಿ, “ಬರ್ತದೆ ಅಪ್ಪ, ಮಾತು ಬರ್ತದೆ!” ಎಂದು ಕೂಗಿದೆ. ಮದುವೆ ನಿಶ್ಚಯವಾಯಿತು. ಆ ‘ಪರವಾಗಿಲ್ಲ’ವೇ ನನ್ನ ಅಕ್ಕನ ಸಂಸಾರಕ್ಕೆ ಅಡಿಗಲ್ಲು ಎಂದು ನಾನು ಇಂದಿಗೂ ಹೇಳಿಕೊಂಡು ತಿರುಗುತ್ತೇನೆ.

ಈ ಮನುಷ್ಯ ಸೇರಿಕೊಂಡ ಕೆಲಸವಾದರೂ ಯಾವುದು? ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್! ಅಲ್ಲಿ ಕೂಗದವನಿಗೆ ಬದುಕುಂಟೇ? ಒಬ್ಬ ‘ಎರಡು ಮಸಾಲೆ’ ಎಂದು ಕೂಗಬೇಕು, ಒಳಗಿಂದ ಭಟ್ಟರು ‘ಆಯ್ತು’ ಎಂದು ಕೂಗಬೇಕು, ಗಲ್ಲಾದಲ್ಲಿ ಕೂತವರು ಇಬ್ಬರ ಮೇಲೂ ಕೂಗಬೇಕು. ಭಾವ ಮಾತ್ರ ಅಡಿಗೆಮನೆಯ ಬಾಗಿಲಲ್ಲಿ ನಿಂತು ಬೆರಳು ತೋರಿಸುತ್ತಿದ್ದರು. ಬೆರಳು ನೆಟ್ಟಗಿದ್ದರೆ ಕಾಫಿ, ಬಗ್ಗಿಸಿದರೆ ಚಹಾ. ಅಂಗೈ ಮಗುಚಿದರೆ ದೋಸೆ. ಮುಷ್ಟಿ ಹಿಡಿದರೆ ಇಡ್ಲಿ. ಕಿವಿ ಮುಟ್ಟಿದರೆ ಪಾರ್ಸೆಲ್. ಎಲ್ಲರ ಆರ್ಡರೂ ಅದಲುಬದಲಾಗುತ್ತಿತ್ತಂತೆ, ಇವರದು ಒಂದು ದಿನವೂ ತಪ್ಪಿದ್ದಿಲ್ಲ. ಹಾಗೇ ಬೆರಳಲ್ಲೇ ಮೇಲೇರಿ ಮ್ಯಾನೇಜರ್ ಆದರು. ಮ್ಯಾನೇಜರ್ ಆದ ಮೇಲೂ ಬೈಯಬೇಕಾದಾಗ ಹುಬ್ಬು ಮಾತ್ರ ಎತ್ತುತ್ತಿದ್ದರು. ಅದಕ್ಕೇ ಸಪ್ಲೈಯರ್‌ಗಳು ಹೆಚ್ಚು ಹೆದರುತ್ತಿದ್ದರಂತೆ.

ಆಮೇಲೆ ಮುಂಬೈಯಲ್ಲಿ ಎಲ್ಲ ಹಳೆಯ ಕಟ್ಟಡಗಳಿಗೂ ಆಗುವುದೇ ಆ ಕಟ್ಟಡಕ್ಕೂ ಆಯಿತು. ಕೆಡವಿ ಟವರ್ ಕಟ್ಟುತ್ತೇವೆ ಎಂದರು. ಹೋಟೆಲ್ ಮುಚ್ಚಿತು. ಭಾವ ಮನೆಗೆ ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು. ಕೂತರೆ ಕೂತರು!

ಅಕ್ಕ ನನಗೆ ಫೋನ್ ಮಾಡಿದಳು. “ಇಲ್ಲಿ ಕೇಳು. ಮೊದಲು ದಿನಕ್ಕೆ ನಾಲ್ಕು ಮಾತಾದರೂ ಇತ್ತು. ‘ಬಂದೆ’, ‘ಹೊರಟೆ’, ‘ಉಪ್ಪು’, ‘ಸಾಕು’. ಈಗ ಬರ್ಲಿಕ್ಕೂ ಇಲ್ಲ, ಹೊರಡ್ಲಿಕ್ಕೂ ಇಲ್ಲ. ಉಪ್ಪು ಕಮ್ಮಿ ಆದ್ರೂ ಸುಮ್ಮನೆ ತಿಂತಾರೆ. ನಂಗೆ ಹೆದರಿಕೆ ಆಗ್ತದೆ.”

ನನ್ನ ಅಕ್ಕ ಸುಲಭಕ್ಕೆ ಹೆದರುವವಳಲ್ಲ. ಬೆಳಗಿನ ಹೊತ್ತು ಚರ್ಚ್‌ಗೇಟ್ ಲೋಕಲಿಗೆ ಮೊಣಕೈಯಲ್ಲೇ ದಾರಿ ಮಾಡಿಕೊಂಡು ಹತ್ತುವವಳು. ಅವಳೇ ಹೆದರಿದಳೆಂದರೆ ಸಂಗತಿ ಸಣ್ಣದಲ್ಲ.

ಭಾವನನ್ನು ಆ ಕುರ್ಚಿಯಿಂದ ಎಬ್ಬಿಸಿದ್ದು ನಾನೂ ಅಲ್ಲ, ಅಕ್ಕನೂ ಅಲ್ಲ, ಒಂದು ಫೋನು. ಹೋಟೆಲಿನ ಹುಡುಗರೆಲ್ಲ ಸೇರಿ ಬೀಳ್ಕೊಡುವಾಗ ಕೊಟ್ಟದ್ದು. ಅದರಲ್ಲಿ ಯಾವನೋ ಪುಣ್ಯಾತ್ಮ ಒಂದು ಬಂದೂಕಿನ ಆಟ ಹಾಕಿಟ್ಟಿದ್ದ. ಭಾವ ಅದನ್ನು ಕ್ಯಾಲ್ಕುಲೇಟರ್ ಎಂದುಕೊಂಡು ಒತ್ತಿದರು. ಕಣ್ಣುಬಿಟ್ಟು ನೋಡುವಷ್ಟರಲ್ಲಿ ವಿಮಾನದಿಂದ ಕೆಳಗೆ ಹಾರಿಯಾಗಿತ್ತು!

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನನಗೂ ಗೊತ್ತಿರಲಿಲ್ಲ. ನಾಲ್ಕು ನಾಲ್ಕು ಜನರ ತಂಡಗಳು. ಎಲ್ಲರೂ ಅವರವರ ಮನೆಯಲ್ಲಿ, ಅವರವರ ಫೋನಿನಲ್ಲಿ. ವಿಮಾನದಿಂದ ಒಂದು ದ್ವೀಪಕ್ಕೆ ಹಾರಬೇಕು. ಖಾಲಿ ಮನೆಗಳಿಗೆ ನುಗ್ಗಿ ಬಂದೂಕು, ಗುಂಡು, ಔಷಧಿ ಹುಡುಕಬೇಕು. ಎದುರು ಸಿಕ್ಕವರನ್ನು ಹೊಡೆಯಬೇಕು. ಕೊನೆಗೆ ಉಳಿದ ತಂಡ ಗೆದ್ದಂತೆ. ಆಡುವಾಗ ತಂಡದವರು ಮೈಕ್ ಹಾಕಿಕೊಂಡು ಒಬ್ಬರಿಗೊಬ್ಬರು ಕಿರುಚುತ್ತಿರುತ್ತಾರೆ. ಎಲ್ಲಿ ನೋಡಿದರೂ ಕಿರುಚಾಟ. ಸಂತೆಯೇ ವಾಸಿ.

ಹೆಸರು ಕೊಡಿ ಎಂದು ಆಟ ಕೇಳಿದಾಗ ಭಾವ ‘ಟೇಬಲ್ ಸಿಕ್ಸ್’ ಎಂದು ಕೊಟ್ಟರು. ಯಾಕೆ ಎಂದು ಕೇಳಿದ್ದಕ್ಕೆ ನಕ್ಕರು. ಇನ್ನೇನು ಮಾಡಿಯಾರು!

ನಮ್ಮ ಭಾವ ಬಂದೂಕಿನ ಆಟ ಆಡುವ ಚಂದ ನೋಡಬೇಕು ನೀವು. ಬಂದೂಕನ್ನು ಬಿಟ್ಟು ಉಳಿದದ್ದೆಲ್ಲ ಆಡುತ್ತಾರೆ. ಮೊದಲು ಮನೆಮನೆ ಸುತ್ತಿ ಸಾಮಾನು ತರುವುದು. ಆಮೇಲೆ ತಂಡದ ಒಬ್ಬೊಬ್ಬರ ಮುಂದೆಯೂ ನಿಂತು, ಯಾರಿಗೆ ಏನು ಕಮ್ಮಿಯಿದೆ ನೋಡಿ ಬಡಿಸುವುದು. ಇವನಿಗೆ ಎರಡು ಬ್ಯಾಂಡೇಜು, ಅವಳಿಗೆ ಗುಂಡು, ಇನ್ನೊಬ್ಬನಿಗೆ ಹೆಲ್ಮೆಟ್ಟು. ಬಡಿಸಿ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುವುದು. ಯಾರಾದರೂ ಗುಂಡು ತಗುಲಿ ಮೊಣಕಾಲೂರಿ ಬಿದ್ದರೋ, ಎಲ್ಲಿದ್ದರೂ ಓಡಿ ಹೋಗಿ ಎತ್ತುವುದು. ಸುತ್ತ ಗುಂಡಿನ ಸುರಿಮಳೆಯಾಗುತ್ತಿದ್ದರೂ ಇವರು ನಿಧಾನಕ್ಕೆ ಕೂತು ಎತ್ತುತ್ತಾರೆ. ಗಿರಾಕಿ ಎದ್ದ ಮೇಲೆ ಟೇಬಲ್ ಒರೆಸುವ ಗಾಂಭೀರ್ಯ!

ಮೊದಮೊದಲು ದಿನಕ್ಕೊಂದು ಹೊಸ ತಂಡ. ಒಮ್ಮೆ ಮಾತ್ರ, ಬಿದ್ದವಳೊಬ್ಬಳು “ಅಯ್ಯಯ್ಯೋ ಸತ್ತೆ!” ಎಂದದ್ದು ಕೇಳಿಸಿತು. ಇನ್ನೊಬ್ಬ, “ತಡೀರಿ ಮೇಡಂ, ಬಂದೆ, ಸಾಯಬ್ಯಾಡ್ರಿ!” ಎಂದ. ಕನ್ನಡ! ಭಾವನ ಹೆಬ್ಬೆರಳು ತಾನಾಗಿಯೇ ಹೋಗಿ ‘ಫ್ರೆಂಡ್’ ಎಂಬುದನ್ನು ಒತ್ತಿತು. ಅಲ್ಲಿಂದ ಆ ಮೂವರೇ ಅವರ ತಂಡ. ಒಬ್ಬಳು ಕಾಂದಿವಲಿಯ ಕಾಲೇಜು ಹುಡುಗಿ, ಮಂಗಳೂರು ಕಡೆಯವರ ಮಗಳು, ಮುಂಬೈಯಲ್ಲೇ ಹುಟ್ಟಿದವಳು. ಅವಳೇ ಕ್ಯಾಪ್ಟನ್. ಇನ್ನೊಬ್ಬ ವಿಜಯಪುರದ ಕಡೆಯ ಎ.ಸಿ. ಮೆಕ್ಯಾನಿಕ್. ಮತ್ತೊಬ್ಬ ಅವಳ ಕ್ಲಾಸಿನ ಮರಾಠಿ ಹುಡುಗ, ‘ಚಲಾ ಚಲಾ’ ಬಿಟ್ಟು ಬೇರೇನೂ ಅಂದದ್ದನ್ನು ನಾನು ಕೇಳಿಲ್ಲ.

ಇವರು ಮೂವರೂ ಮಾತಾಡುತ್ತಾರೆ, ಭಾವ ಕೇಳುತ್ತಾರೆ. ಭಾವನ ಮೈಕ್ ಒಮ್ಮೆಯೂ ಆನ್ ಆಗಲಿಲ್ಲ. ಏನಾದರೂ ಕೇಳಿದರೆ ಆಟದೊಳಗಿನ ತಮ್ಮ ಸಿಪಾಯಿಯನ್ನು ಒಮ್ಮೆ ಕೂರಿಸಿ ಎಬ್ಬಿಸುತ್ತಾರೆ. ಅದು ಹೌದು. ಅತ್ತಿತ್ತ ತಿರುಗಿಸಿದರೆ ಇಲ್ಲ. ಯಾರು ಈ ಟೇಬಲ್ ಸಿಕ್ಸ್ ಎಂಬ ಬಗ್ಗೆ ಅಲ್ಲಿ ದೊಡ್ಡ ಚರ್ಚೆ. ಪರೀಕ್ಷೆಗೆ ಓದದೆ ಕದ್ದು ಆಡುವ ಹುಡುಗಿ ಎಂದು ಕ್ಯಾಪ್ಟನ್ ಊಹೆ. “ಇಲ್ರೀ, ಪೊಲೀಸಿನವರು ಇರಬೇಕು. ಡ್ಯೂಟಿ ಮ್ಯಾಲ ಆಡ್ತಾರ, ಅದಕ್ಕ ದನಿ ಇಲ್ಲ” ಎಂದು ಮೆಕ್ಯಾನಿಕ್. ಭಾವ ಫೋನು ಹಿಡಿದುಕೊಂಡು ಒಳಗೊಳಗೇ ನಗುವುದು.

ಅಕ್ಕ ಖುಷಿಯಿಂದ ನನಗೆ ವರದಿ ಒಪ್ಪಿಸುತ್ತಿದ್ದಳು. “ಮನುಷ್ಯ ಬದಲಾದ್ರು ಮಾರಾಯ್ತಿ! ಮಧ್ಯಾಹ್ನ ಆಟ ಮುಗ್ಸಿ ಅವರೇ ಚಾ ಮಾಡ್ತಾರೆ. ನಿನ್ನೆ ಸಾರಿಗೆ ಉಪ್ಪು ಕಮ್ಮಿ ಅಂದ್ರು! ನಂಗೆ ಅಳುವೇ ಬಂತು.” ಸಾರಿಗೆ ಉಪ್ಪು ಕಮ್ಮಿ ಎಂದರೆ ಆನಂದಬಾಷ್ಪ ಸುರಿಸುವ ಹೆಂಡತಿಯನ್ನು ನೀವೆಲ್ಲಾದರೂ ಕಂಡಿದ್ದೀರಾ?

ಹೀಗೆ ಎಲ್ಲ ನೆಟ್ಟಗಿರುವಾಗ ಒಂದು ಅನಾಹುತವಾಯಿತು. ಯಾವುದೋ ಸ್ಪರ್ಧೆಗೆ ತಂಡ ಹೆಸರು ಕೊಟ್ಟಿತ್ತು. ಮೊದಲ ಸುತ್ತು. ಬೇರೆಲ್ಲ ತಂಡಗಳೂ ಸತ್ತು ಎದುರಿಗೆ ಒಬ್ಬನೇ ಒಬ್ಬ ಉಳಿದಿದ್ದ. ಅವನಿಗೂ ಗುಂಡು ತಗುಲಿ ಜೀವ ಹೋಗುವುದಕ್ಕೆ ಕೂದಲೆಳೆಯಷ್ಟು ಬಾಕಿ. ಏದುಸಿರು ಬಿಡುತ್ತಾ ಅವನು ಬಂದು ನುಗ್ಗಿದ್ದು ಭಾವ ಕಾಯುತ್ತಿದ್ದ ಮನೆಗೆ. ಒಂದು ಗುಂಡು ಹೊಡೆದಿದ್ದರೆ ಮುಗಿಯುತ್ತಿತ್ತು. ಭಾವ ಏನು ಮಾಡಿದರು ಹೇಳಿ? ಔಷಧಿಯ ಪೆಟ್ಟಿಗೆ ತೆಗೆದು ಅವನ ಮುಂದಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತರು!

ಆ ಶತ್ರುವೂ ಒಂದು ಕ್ಷಣ ಬೆಪ್ಪಾಗಿ ನಿಂತನಂತೆ. ಆಮೇಲೆ ಔಷಧಿ ತೆಗೆದುಕೊಂಡ, ಗುಣವಾದ, ಭಾವನನ್ನೂ ಸೇರಿಸಿ ನಾಲ್ವರನ್ನೂ ಮುಗಿಸಿದ.

“ಹಾಗೆ ಯಾಕೆ ಮಾಡಿದ್ರಿ ಭಾವ?” ಎಂದು ನಾನು ಹಣೆ ಚಚ್ಚಿಕೊಂಡೆ. ಉತ್ತರ ಕೊಟ್ಟದ್ದು ಅಕ್ಕ. “ಇಷ್ಟು ವರ್ಷ ಅದೇ ಅಲ್ವಾ ಮಾಡಿದ್ದು? ಬಾಗಿಲಲ್ಲಿ ಯಾರು ಒಳಗೆ ಬಂದ್ರೂ ಮೊದಲು ನೀರು ಇಡೋದು. ಯಾರು, ಎಂತ ಅಂತ ಕೇಳ್ಲಿಕ್ಕಿಲ್ಲ. ಕೈ ತನ್ನಷ್ಟಕ್ಕೇ ಹೋಗಿದೆ.”

ಕ್ಯಾಪ್ಟನ್‌ಗೆ ಇದೆಲ್ಲ ಎಲ್ಲಿ ಗೊತ್ತು? ಅವಳು ಕೆಂಡವಾದಳು. “ಬಸ್! ಟೇಬಲ್ ಸಿಕ್ಸ್, ಎರಡನೇ ಚಾನ್ಸ್ ಉಂಟು ನಮ್ಗೆ. ಬಟ್ ಮೈಕ್ ಹಾಕ್ಬೇಕು. ಬಾತ್ ಕರ್ನಾ ಪಡೇಗಾ. ಮೈಕ್ ಹಾಕಿಲ್ಲ ಅಂದ್ರೆ ಟೀಮಲ್ಲಿ ಬೇಡ. ಬೇರೆ ಯಾರನ್ನಾದ್ರೂ ತಗೊಳ್ತೀನಿ.”

ಭಾವ ಸಿಪಾಯಿಯನ್ನು ಕೂರಿಸಲೂ ಇಲ್ಲ, ತಿರುಗಿಸಲೂ ಇಲ್ಲ. ಫೋನು ಮುಚ್ಚಿ ಮೇಜಿನ ಮೇಲಿಟ್ಟರು. ಮತ್ತೆ ಹೋಗಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು.

ಮೂರು ದಿನ ನೋಡಿ ಅಕ್ಕ ನನ್ನ ಲೈಬ್ರರಿಗೇ ಫೋನ್ ಮಾಡಿದಳು. “ನೀನು ಈಗಲೇ ಹೊರಡು. ನಿನ್ನ ಬಾಯಿಗೆ ಈ ಜನ್ಮದಲ್ಲಿ ಒಂದು ಉಪಯೋಗ ಉಂಟು ಅಂತ ಇವತ್ತು ಗೊತ್ತಾಯ್ತು.”

ಉಪಾಯ ಅಕ್ಕನದು. ಆಡುವುದು ಭಾವ, ಮಾತಾಡುವುದು ನಾನು. ಅವರು ಬೆರಳಲ್ಲಿ ತೋರಿಸಬೇಕು, ನಾನು ಮೈಕಿನಲ್ಲಿ ಹೇಳಬೇಕು. ನಾನು ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲಿ ಕೂತೆ. ಭಾವ ಮೈಕ್ ಒತ್ತಿದರು. ನಾನು ಗಂಟಲು ಸರಿಮಾಡಿಕೊಂಡು, “ನಮಸ್ಕಾರ. ಎಲ್ಲರಿಗೂ ಊಟ ಆಯ್ತಾ?” ಎಂದೆ.

ಆಚೆ ಕಡೆ ಕ್ಯಾಪ್ಟನ್ ಕಿರುಚಿದಳು. “ಓ ಮೈ ಗಾಡ್! ಟೇಬಲ್ ಸಿಕ್ಸ್ ಆಂಟಿ ಹೈ!” ಮೆಕ್ಯಾನಿಕ್, “ಯಕ್ಕಾರ! ಇಷ್ಟ ದಿನ ಎಲ್ಲಿ ಮುಚ್ಚಿಟ್ಟಿದ್ರಿ ಈ ದನೀನ?” ಎಂದ. ನಾನು ನಿಜ ಹೇಳಲು ಬಾಯಿ ತೆರೆದೆ. ಭಾವ ತುಟಿಯ ಮೇಲೆ ಬೆರಳಿಟ್ಟರು. ಸರಿ, ಟೇಬಲ್ ಸಿಕ್ಸ್ ನಾನೇ ಆದೆ!

ಆಟ ಶುರುವಾಯಿತು. “ಅಲ್ಲಿ ನೋಡಿ, ನೀರಿನ ಟ್ಯಾಂಕಿ ಹತ್ರ ಒಬ್ಬ! ಪಾಪ, ಕಾಲಿಗೆ ಚಪ್ಪಲಿಯೂ ಇಲ್ಲ!” ಎಂದೆ.

“ಆಂಟಿ, ಡೈರೆಕ್ಷನ್ ಬೋಲೋ! ಈಸ್ಟ್ ಕಿ ವೆಸ್ಟ್?”

ಈಸ್ಟ್ ವೆಸ್ಟ್ ಎಂದರೆ ಮುಂಬೈಯವಳಾದ ನನಗೆ ಗೊತ್ತಿರುವುದು ಸ್ಟೇಷನ್ನಿನ ಈಸ್ಟ್ ವೆಸ್ಟ್. “ನೀನೀಗ ಬ್ರಿಜ್ ಇಳಿದೆ ಅಂತ ಇಟ್ಕೋ. ಬಸ್ ಸ್ಟಾಪಿನ ಕಡೆ ಅಲ್ಲ, ತರಕಾರಿಯವರು ಕೂರುವ ಕಡೆ” ಎಂದೆ. ನೀವು ನಂಬುವುದಿಲ್ಲ, ಅವಳು ಸರಿಯಾಗಿ ತಿರುಗಿದಳು! ಮುಂಬೈಯ ಮಕ್ಕಳಲ್ಲವೇ.

ಸ್ವಲ್ಪ ಹೊತ್ತಿಗೆ ಭಾವ ಅವಸರದಿಂದ ಮುಷ್ಟಿ ಹಿಡಿದು ತೋರಿಸಿದರು. ನನಗೆ ಅವರ ಹೋಟೆಲ್ ಭಾಷೆಯಷ್ಟೇ ಗೊತ್ತು. “ಇಡ್ಲಿ!” ಎಂದು ಕೂಗಿದೆ. “ಕ್ಯಾ ಇಡ್ಲಿ?” ಎಂದು ಕ್ಯಾಪ್ಟನ್ ಕೇಳುವಷ್ಟರಲ್ಲಿ ಗ್ರೆನೇಡ್ ಬಂದು ಬಿದ್ದು ಢಮಾರೆಂದಿತು. ಮುಂದಿನ ಸಲ ನಾನು ‘ಇಡ್ಲಿ’ ಎಂದ ಕೂಡಲೇ ಮೂವರೂ ದಿಕ್ಕಾಪಾಲಾಗಿ ಓಡಿ ಬದುಕಿಕೊಂಡರು. ಅಂಗೈ ಮಗುಚಿದಾಗ ‘ದೋಸೆ’ ಎಂದೆ, ಶತ್ರುಗಳ ಜೀಪು ಬಂತು. ಕಿವಿ ಮುಟ್ಟಿದರು, ‘ಪಾರ್ಸೆಲ್’ ಎಂದೆ, ಆಕಾಶದಿಂದ ಸಾಮಾನಿನ ಪೆಟ್ಟಿಗೆ ಇಳಿಯಿತು. ಒಂದು ವಾರದೊಳಗೆ ಆ ಹುಡುಗರು ಉಡುಪಿ ಹೋಟೆಲಿನ ಪೂರ್ತಿ ಮೆನುವಿನಲ್ಲೇ ಯುದ್ಧ ಮಾಡತೊಡಗಿದರು. “ಯಕ್ಕಾರ, ಹಿಂದ ಎರಡು ಚಾ ನಿಂತಾವ!” ಎಂದು ಶತ್ರುಗಳನ್ನು ಕಂಡ ಮೆಕ್ಯಾನಿಕ್. “ಚಲಾ ಚಲಾ, ಇಡ್ಲಿ!” ಎಂದು ಮರಾಠಿ ಹುಡುಗ. ನಾವು ಗೆದ್ದೆವು, ಮತ್ತೆ ಗೆದ್ದೆವು. ಕೊನೆಯ ಸುತ್ತಿಗೆ ಬಂದೇಬಿಟ್ಟೆವು!

ಹೊಗಳಿಕೆಯೆಲ್ಲ ನನಗೇ. ‘ಆಂಟಿ ಮಸ್ತ್’, ‘ಆಂಟಿ ಒಂದನೇ ನಂಬರ್’. ನಾನು ಲೈಬ್ರರಿಯಲ್ಲೂ ಸ್ವಲ್ಪ ಎದೆ ಮುಂದೆ ಮಾಡಿ ನಡೆಯತೊಡಗಿದೆ. “ಆಡೋದು ಅವರು, ಕೊಬ್ಬೋದು ನೀನು” ಎಂದಳು ಅಕ್ಕ. ಭಾವ ಮಾತ್ರ ಪರಮ ಸುಖದಲ್ಲಿದ್ದರು. ಯಾರೂ ಅವರನ್ನು ಮಾತಾಡಿಸುವುದಿಲ್ಲ, ಯಾರೂ ತಂಡದಿಂದ ತೆಗೆಯುವುದಿಲ್ಲ. ಇದಕ್ಕಿಂತ ಇನ್ನೇನು ಬೇಕು?

ಕೆಡಿಸಿದ್ದು ನನ್ನ ಬಾಯಿಯೇ. ಕೊನೆಯ ಸುತ್ತು ಒಂದು ಭಾನುವಾರ ಮಧ್ಯಾಹ್ನ. ಎಲ್ಲರೂ ಒಂದೇ ಕಡೆ ಕೂತು ಆಡಿದರೆ ಚೆನ್ನ ಎಂದಳು ಕ್ಯಾಪ್ಟನ್. ನಾನು ಯೋಚಿಸುವ ಮೊದಲೇ, “ಮಾಟುಂಗಕ್ಕೇ ಬನ್ನಿ! ನನ್ನ ಅಕ್ಕನ ಕೈಯ ಗೋಳಿಬಜೆ ತಿಂದು ನೋಡಿ ಒಮ್ಮೆ” ಎಂದುಬಿಟ್ಟೆ! ವಿಳಾಸ ಬೇಡ, ಮಾಟುಂಗ ರೋಡ್ ಸ್ಟೇಷನ್ನಿನಲ್ಲಿ ನಾನೇ ಕಾದಿರುತ್ತೇನೆ ಎಂದೂ ಸೇರಿಸಿದೆ. ಮೂವರೂ ಹೋ ಎಂದರು. ಭಾವನ ಮುಖದ ಬಣ್ಣ ಇಳಿದುಹೋಯಿತು.

“ನಿನ್ನ ಬಾಯಿಗೆ ಬ್ರೇಕ್ ಇಲ್ವಾ?” ಎಂದು ಅಕ್ಕ ನನ್ನನ್ನು ಅಡಿಗೆಮನೆಗೆ ಎಳೆದುಕೊಂಡು ಹೋದಳು. “ಆ ಮಕ್ಕಳು ಇಪ್ಪತ್ತು ಇಪ್ಪತ್ತೈದರವರು. ಅರವತ್ತು ದಾಟಿದ, ಬಾಯಿ ಬಿಡದ ಮುದುಕನನ್ನು ನೋಡಿದ ಮೇಲೆ ಇನ್ನೊಮ್ಮೆ ಆಟಕ್ಕೆ ಕರೀತಾರಾ? ಇವರು ಮತ್ತೆ ಆ ಕುರ್ಚಿ ಹಿಡಿದ್ರೆ ನಾನು ಎಂತ ಮಾಡ್ಲಿ?” ಅವಳ ಕಣ್ಣು ತುಂಬಿತ್ತು. ನಾನು, “ಹೆದರಬೇಡ, ಆ ದಿನ ಫೋನೂ ನನ್ನ ಕೈಯಲ್ಲೇ ಇರ್ತದೆ. ಭಾವ ಮನೆಯ ಯಜಮಾನರು, ಅಷ್ಟೆ” ಎಂದು ಧೈರ್ಯ ಹೇಳಿದೆ. ಒಂದು ವಾರ ಪ್ರ್ಯಾಕ್ಟೀಸೂ ಮಾಡಿದೆ. ಅದರ ಬಗ್ಗೆ ಹೆಚ್ಚು ಹೇಳುವುದು ಬೇಡ.

ಭಾನುವಾರ ಮೂವರನ್ನೂ ಕರೆದುಕೊಂಡು ಮೆಟ್ಟಿಲು ಹತ್ತಿದೆ. ನಾನು ಕ್ಯಾಪ್ಟನ್ ಎಂದರೆ ಮಿಲಿಟರಿಯವಳ ಹಾಗಿರುತ್ತಾಳೆ ಎಂದುಕೊಂಡಿದ್ದೆ. ಸಣ್ಣ ದೇಹ, ದಪ್ಪ ಕನ್ನಡಕ, ಕೈಯಲ್ಲಿ ಮಲ್ಲಿಗೆಯ ಪೊಟ್ಟಣ. ಅವಳಮ್ಮ ಕೊಟ್ಟು ಕಳಿಸಿದ್ದಂತೆ. ಮೆಕ್ಯಾನಿಕ್ ಆಜಾನುಬಾಹು, ಗಡ್ಡ, ಆದರೆ ಅಕ್ಕನ ಮುಂದೆ ನಾಚಿ ನೀರಾದ. ಮರಾಠಿ ಹುಡುಗ ಚಪ್ಪಲಿ ಬಿಟ್ಟು ಕೈಮುಗಿದ. ಭಾವ ಹೆಗಲಿಗೆ ಟವೆಲ್ ಹಾಕಿಕೊಂಡು ಎಲ್ಲರ ಮುಂದೆಯೂ ಪ್ಲೇಟು ಇಟ್ಟರು, ಗೋಳಿಬಜೆ ಬಡಿಸಿದರು, ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತರು.

“ಒಂದು ಟ್ರಯಲ್ ಆಡುವಾ ಆಂಟಿ?” ಎಂದಳು ಕ್ಯಾಪ್ಟನ್.

ನಾನು ಆಡಿದೆ. ವಿಮಾನದಿಂದ ಹಾರಿ ನೇರ ಸಮುದ್ರಕ್ಕೆ ಬಿದ್ದೆ. ಹೇಗೋ ಈಜಿ ದಡ ಸೇರಿ, ಮೊದಲು ಕಂಡವನಿಗೆ ಇಡ್ಲಿ ಎಸೆಯೋಣ ಎಂದು ಎಸೆದೆ. ಅದು ನನ್ನ ಕಾಲ ಬುಡದಲ್ಲೇ ಬಿತ್ತು. ನಾನೂ ಹೋದೆ, ನನ್ನನ್ನು ಎತ್ತಲು ಓಡಿ ಬಂದ ಮೆಕ್ಯಾನಿಕ್ಕೂ ಹೋದ!

ಯಾರೂ ನಗಲಿಲ್ಲ. ಕ್ಯಾಪ್ಟನ್ ತನ್ನ ಫೋನು ಕೆಳಗಿಟ್ಟು ಅಡಿಗೆಮನೆಯ ಬಾಗಿಲ ಕಡೆ ತಿರುಗಿದಳು.

“ಅಂಕಲ್, ಟೇಬಲ್ ಸಿಕ್ಸ್ ನೀವೇ ಅಲ್ವಾ?”

ಅಕ್ಕ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ನಾನು ಏನೋ ಒಂದು ಸುಳ್ಳು ಹುಡುಕುತ್ತಿದ್ದೆ. ಮೆಕ್ಯಾನಿಕ್ ಮೆಲ್ಲನೆ, “ಯಕ್ಕಾರ, ಸಿಟ್ಟಾಗಬ್ಯಾಡ್ರಿ. ನಮಗ ಮೊದಲನೇ ದಿನಾನ ಗೊತ್ತಾತು. ನೀವು ಮಾತಾಡಾಕತ್ತಿದ್ರ ಒಂದು ಗಳಿಗಿ ಸುಮ್ಮನ ಇರಂಗಿಲ್ಲ. ಟೇಬಲ್ ಸಿಕ್ಸ್ ಆಟದಾಗ ಅರ್ಧ ತಾಸು ಕಲ್ಲಿನಂಗ ನಿಂತು ನಮ್ಮನ್ನ ಕಾಯ್ತಾರ. ಇಬ್ರೂ ಒಬ್ರ ಹೆಂಗ ಆಗ್ತಾರ? ನಿಮ್ಮ ಕಾಮೆಂಟ್ರಿ ಮಜಾ ಇತ್ತು, ಅದಕ್ಕ ಬಿಟ್ವಿ” ಎಂದ.

ಭಾವ ತಲೆ ತಗ್ಗಿಸಿ ನಿಂತಿದ್ದರು, ಕೈಯಲ್ಲಿ ಚಟ್ನಿಯ ಪಾತ್ರೆ. ಅಕ್ಕನಿಗೆ ಏನು ಭಯವಿತ್ತೋ ಅದೇ ಅವರ ಮುಖದಲ್ಲೂ ಇತ್ತು. ಅದನ್ನು ಕಂಡು ನನಗೆ ಆ ಹುಡುಗಿಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

“ಗೊತ್ತಿದ್ದ ಮೇಲೆ ಏನಮ್ಮ ನಿನ್ನದು? ಇವರು ಕೈತುಂಬ ತಂದು ಬಡಿಸಲಿಲ್ವಾ? ಬಿದ್ದಾಗಲೆಲ್ಲ ಎತ್ತಲಿಲ್ವಾ? ಮತ್ತೆ ಮೈಕ್ ಹಾಕು, ಮೈಕ್ ಹಾಕು ಅಂತ ಇವರ ಜೀವ ಯಾಕೆ ತಿಂದೆ? ಒಂದು ಆಟ ಸೋತದ್ದಕ್ಕೆ ಅಷ್ಟಾ?”

“ಗೇಮ್‌ಗೆ ಅಲ್ಲ ಆಂಟಿ” ಎಂದಳು. ಕನ್ನಡಕ ತೆಗೆದು ದುಪ್ಪಟ್ಟಾದಲ್ಲಿ ಒರೆಸತೊಡಗಿದಳು. “ಆ ದಿನ ಸಿಟ್ಟು ಬಂತು, ಸರಿ. ಬಟ್ ಅದಕ್ಕೆ ಅಲ್ಲ. ಅದಕ್ಕೆ ಮೊದಲು ಒಂದು ವಾರ ಅಂಕಲ್ ಬಂದೇ ಇಲ್ಲ. ಒಂದು ದಿನ ಕೂಡ ಇಲ್ಲ.”

ಭಾವನಿಗೆ ಆಗ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಫೋನು ಮುಟ್ಟಬಾರದು ಎಂದು ಡಾಕ್ಟರು ಹೇಳಿದ್ದರು. ನಾವು ಯಾರೂ ಅದನ್ನು ಒಂದು ಸಂಗತಿ ಎಂದೇ ಎಣಿಸಿರಲಿಲ್ಲ.

“ರೋಜ್ ನಿಮ್ಮ ಹೆಸರು ನೋಡ್ತಿದ್ವಿ ಅಂಕಲ್. ಪಕ್ಕದಲ್ಲಿ ಹಸಿರು ಲೈಟ್ ಬರ್ತದಾ, ನೀವು ಗೇಮ್‌ಗೆ ಬಂದ್ರಾ ಅಂತ. ಬರ್ಲೇ ಇಲ್ಲ. ನಿಮ್ಗೆ ಏನಾದ್ರೂ ಆಗಿದ್ರೆ? ಯಾರನ್ನು ಕೇಳೋದು? ಎಲ್ಲಿ ಹುಡುಕೋದು? ನಿಮ್ಮ ನಿಜ ಹೆಸರು ಗೊತ್ತಿಲ್ಲ, ಆವಾಜ್ ಗೊತ್ತಿಲ್ಲ, ಮನೆ ಗೊತ್ತಿಲ್ಲ. ಅದಕ್ಕೇ ಮೈಕ್ ಹಾಕಿ ಅಂದದ್ದು. ಹಾಕದಿದ್ರೆ ತೆಗೀತೀನಿ ಅಂತ ಸುಮ್ನೆ ಹೆದರಿಸಿದೆ. ಯಾರು ತೆಗೀತಾರೆ ನಿಮ್ಮನ್ನ?”

“ಈಕಿ ಅತ್ತಳ್ರೀ” ಎಂದ ಮೆಕ್ಯಾನಿಕ್.

“ಚುಪ್ ಬೈಠ್” ಎಂದಳು ಕ್ಯಾಪ್ಟನ್, ಮೂಗು ಒರೆಸಿಕೊಂಡು.

ಭಾವ ಚಟ್ನಿಯ ಪಾತ್ರೆಯನ್ನು ಕೆಳಗಿಟ್ಟರು. ಟವೆಲಿನಲ್ಲಿ ಎರಡೂ ಕೈ ಒರೆಸಿಕೊಂಡರು. ಬಂದು ಆ ಮೂವರ ಎದುರಿಗೆ ಕೂತರು. ಆಮೇಲೆ ಮಾತಾಡಿದರು.

ತಮ್ಮ ಹೆಸರು ಹೇಳಿದರು. ತಮ್ಮ ತಂದೆಯ ಹೆಸರು ಹೇಳಿದರು. ಉಡುಪಿಯ ಹತ್ತಿರದ ತಮ್ಮ ಊರು ಹೇಳಿದರು. ಯಾವ ಹೋಟೆಲಿನಲ್ಲಿದ್ದೆ, ಅದು ಗ್ರಾಂಟ್ ರೋಡಿನಲ್ಲಿ ಎಲ್ಲಿತ್ತು ಎಂದು ಹೇಳಿದರು. ಟೇಬಲ್ ಆರು ಕಿಟಕಿಯ ಪಕ್ಕದ್ದು, ಒಬ್ಬರೇ ಬರುವವರು ಅಲ್ಲೇ ಕೂರುತ್ತಿದ್ದರು, ಅವರನ್ನು ಯಾರೂ ಬೇಗ ಏಳಿಸಬಾರದೆಂದು ನಾನೇ ಅದನ್ನು ನೋಡಿಕೊಳ್ಳುತ್ತಿದ್ದೆ ಎಂದು ಹೇಳಿದರು. ಅಕ್ಕನೇ ಅದನ್ನು ಮೊದಲ ಸಲ ಕೇಳುತ್ತಿದ್ದಳು. ಸಣ್ಣ, ಸ್ವಲ್ಪ ಒಡಕು ದನಿ. ಮಧ್ಯೆ ಮಧ್ಯೆ ನಿಲ್ಲುತ್ತಿತ್ತು, ಆದರೆ ಮುಗಿಯಲಿಲ್ಲ. ಈ ಬಿಲ್ಡಿಂಗಿನ ಹೆಸರು ಹೇಳಿದರು. ಎರಡನೇ ಮಹಡಿ, ಮೆಟ್ಟಿಲು ಹತ್ತಿ ಬಲಗಡೆ. ಲಿಫ್ಟ್ ಇಲ್ಲ, ಮೆಟ್ಟಿಲಿನಲ್ಲಿ ಕತ್ತಲೆ ಇರ್ತದೆ, ನೋಡಿ ಹತ್ತಬೇಕು.

“ಒಂದು ದಿನ ನಾನು ಬಾರದಿದ್ರೆ ಇಲ್ಲಿ ಬಂದು ಕೇಳಿ” ಎಂದರು. “ಇವಳು ಇರ್ತಾಳೆ. ಹೇಳ್ತಾಳೆ.”

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೆ ಆ ಮೂವರನ್ನೂ ಅಲ್ಲೇ ಬಾಚಿ ತಬ್ಬಿಕೊಳ್ಳಬೇಕು ಎನಿಸಿತು. ಸ್ಪರ್ಧೆ ಶುರುವಾಗುವ ಹೊತ್ತಾಗಿತ್ತು, ಫೋನುಗಳು ಒಂದೇ ಸಮನೆ ಕರೆಯುತ್ತಿದ್ದವು, ಯಾರೂ ಎತ್ತಿಕೊಳ್ಳಲಿಲ್ಲ.

ಕ್ಯಾಪ್ಟನ್ ಚಾಪೆಯ ಮೇಲೆ ಇನ್ನಷ್ಟು ಮುಂದೆ ಸರಿದು ಕೂತಳು.

“ಅಂಕಲ್, ಇನ್ನೊಂದ್ಸಲ ಹೇಳಿ ನಾ” ಎಂದಳು.

ಭಾವ ಮೊದಲಿನಿಂದ, ತಮ್ಮ ಹೆಸರಿನಿಂದ, ಮತ್ತೆ ಶುರು ಮಾಡಿದರು.